ಮಾಘದಲ್ಲಿ ಹೋಗಿರಿ ಎಂದವರು

ಮೊನ್ನೆ ಟ್ರಂಕಿನ ತಳದಿಂದ ಆ ಹಳದಿ ರೇನ್‌ಕೋಟು ಹೊರಗೆ ಬಂದಾಗ ಎಲ್ಲಕ್ಕಿಂತ ಮೊದಲು ಬಂದದ್ದು ಅದರ ವಾಸನೆ. ಹಳೆಯ ರಬ್ಬರು, ಅದರ ಮೇಲೆ ಯಾರೋ ಸವರಿದ ಪೌಡರು, ಅವೆರಡರ ಅಡಿಯಲ್ಲಿ ಉಪ್ಪಿನದೋ ಒಣಮೀನಿನದೋ ಗೊತ್ತಾಗದ ಇನ್ನೊಂದು ವಾಸನೆ. ಹನ್ನೆರಡು ವರ್ಷವಾದರೂ ಹೋಗಿಲ್ಲ. ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಅದನ್ನು ಕೊಡವಿ ಎತ್ತಿ ಹಿಡಿದು, "ಆಯಿ, ಇದ ಯಾರದ? ಇದರಾಗ ಇಬ್ಬರು ಹಿಡಸ್ತಾರ," ಎಂದು ನಕ್ಕಳು.

"ನಿಮ್ಮ ಮುತ್ಯಾಂದು," ಎಂದೆ.

ಅದು ಸುಳ್ಳು. ಆ ಕೋಟು ನನ್ನ ಯಜಮಾನರದಲ್ಲ. ಅವರು ಅದನ್ನು ಒಂದು ದಿನವೂ ತೊಡಲಿಲ್ಲ. ತೊಡದಂತೆ ಮಾಡಿದವಳು ನಾನು. ಅಷ್ಟರಲ್ಲಿ ಸಣ್ಣವನು ಒಳಜೇಬಿನ ಗುಂಡಿ ಬಿಚ್ಚಿ ಒಂದು ಚೀಟಿ ತೆಗೆದ. ಹಿಂದಿಯಲ್ಲಿ ಬರೆದ ನಾಲ್ಕು ಸಾಲು. ಅವನು ಓದಿ ಅರ್ಥ ಹೇಳಿದ. "ಆಯಿ, ಯಾರ ಇವರು?" ಎಂದು ಇಬ್ಬರೂ ಕೇಳಿದಿರಿ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನಾನು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ಎದುರಿಗೆ ಕೂತು ಹೇಳುವುದು ನನಗೆ ಮೊದಲಿನಿಂದಲೂ ಆಗದು. ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತಿದ್ದೇನೆ, ಬರೆಯಲು ಅಷ್ಟು ಸಾಕು. ಓದಿದ ಮೇಲೆ ನನ್ನನ್ನು ಏನೂ ಕೇಳಬೇಡಿ.

ಆ ಚೀಟಿ ಬರೆದವರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು. ಈಗ ನಿಮ್ಮ ಅಪ್ಪ ಟ್ರ್ಯಾಕ್ಟರ್ ನಿಲ್ಲಿಸುವ ಜಾಗದಲ್ಲಿ, ನಮ್ಮ ಒಣದ್ರಾಕ್ಷಿ ಶೆಡ್ಡಿನ ಎದುರಿಗೆ ಸರಿಯಾಗಿ, ಒಂದು ಕೋಣೆಯ ಮನೆ ಇತ್ತು. ಅಲ್ಲಿ ಬಾಡಿಗೆಗೆ ಬಂದರು. ತೆಲಸಂಗದ ಕಡೆಯವರು, ಹೊಲವಿಲ್ಲದ ಮನೆತನ, ಹೆಂಡತಿ ಮಕ್ಕಳಿಲ್ಲ. ಇಪ್ಪತ್ತೆಂಟು ವರ್ಷ ಅಂದಮಾನದಲ್ಲಿದ್ದು ಬಂದಿದ್ದರು. ಅಲ್ಲಿ ಏನು ಕೆಲಸ ಎಂದು ಕೇಳಿದರೆ, "ಹೋಗವರನ್ನ ನಿಂದ್ರಸೂ ಕೆಲಸ್ರಿ," ಎಂದು ನಗುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ನಮ್ಮಲ್ಲಿ ಹಳೆಯ ಮಂದಿಗೆ ಅಂದಮಾನ ಎಂದರೆ ಒಂದೇ ಅರ್ಥ, ಕರಿನೀರಿನ ಶಿಕ್ಷೆ. ನೀರು ತುಂಬುವಾಗ ಪಕ್ಕದ ಮನೆಯ ಗೌಡಸಾನಿ, "ಹದಿನಾಕ ಹದಿನಾಕ ಇಪ್ಪತ್ತೆಂಟು. ಎರಡು ಖೂನಿನ ಲೆಕ್ಕ ಸರಿ ಆತು ನೋಡ್ರವಾ," ಎಂದಳು. ಎಲ್ಲರೂ ಕೊಡ ಕೆಳಗಿಟ್ಟು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದು ಹಿತ್ತಲ ಬಾಗಿಲಿಗೆ ಚಿಲಕ ಹಾಕಿದೆ.

ಆ ಚಿಲಕ ಹಾಕಿದ ಮೇಲೆ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಸಂಶಯವೇ. ಅವರ ಮಾಳಿಗೆಯ ಮೇಲೆ ಒಂದು ಉದ್ದನೆಯ ಬಿದಿರು ನಿಲ್ಲಿಸಿದ್ದರು. ಅದಕ್ಕೆ ಕೆಲವು ದಿನ ಬೆಳಿಗ್ಗೆ ಕೆಂಪು ಬಟ್ಟೆ ಏರಿಸುತ್ತಿದ್ದರು, ಕೆಲವು ದಿನ ಇಳಿಸಿಡುತ್ತಿದ್ದರು. ದೇವರದ್ದು ಎನ್ನಲು ಅದರ ಕೆಳಗೆ ಅರಿಷಿಣ ಕುಂಕುಮ ಇರಲಿಲ್ಲ. ಮಾಟ ಎನ್ನಲು ನಿಂಬೆಹಣ್ಣು ಇರಲಿಲ್ಲ. ಹಾಗಾದರೆ ಅದು ಯಾರಿಗೋ ತೋರಿಸುವ ಗುರುತು ಎಂದು ನಾನು ತೀರ್ಮಾನಿಸಿದೆ. ಅದೇ ವರ್ಷ ಮುಂದಿನ ಊರಿನ ಒಂದು ಶೆಡ್ಡಿನಿಂದ ಒಣದ್ರಾಕ್ಷಿಯ ಬಾಕ್ಸುಗಳು ಕಳುವಾದವು. ಅವತ್ತು ಬಿದಿರಿನ ಮೇಲೆ ಕೆಂಪು ಬಟ್ಟೆ ಇತ್ತು. ಅದು ನನಗೆ ಸಾಕಾಯಿತು. ಅವತ್ತು ಸಂಜೆ ಬಿರುಗಾಳಿಯೂ ಬೀಸಿತ್ತು, ಆಲಿಕಲ್ಲೂ ಬಿದ್ದಿದ್ದವು. ಆದರೆ ಅದನ್ನು ನಾನು ಇದರ ಜೊತೆ ಜೋಡಿಸಲಿಲ್ಲ...

ನಿಮ್ಮ ಮುತ್ಯಾಗೆ ಮಾತ್ರ ಕಾಕಾ ಎಂದರೆ ಬಹಳ ಸೇರುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಇಬ್ಬರೂ ಕೂತರೆ ಚಹಾ ಎರಡು ಸಲ ಆಗಬೇಕು. ನಾನು ಬಾಗಿಲ ಮರೆಯಿಂದ ಕಪ್ಪು ಸರಿಸಿ ಅಲ್ಲೇ ನಿಂತು ಕೇಳುತ್ತಿದ್ದೆ. ಒಂದು ದಿನ ಟಿವಿಯಲ್ಲಿ ಅಂದಮಾನದ ಸಮುದ್ರ ತೋರಿಸಿದರು. ತಳದಲ್ಲಿ ಗಾಜು ಕೂರಿಸಿದ ದೋಣಿ, ಗಾಜಿನ ಕೆಳಗೆ ನೀರು, ನೀರಿನೊಳಗೆ ಹಳದಿ, ನೇರಳೆ ಬಣ್ಣದ ಗಿಡಗಳಂಥ ಹವಳ. ನಿಮ್ಮ ಮುತ್ಯಾ ತಿನ್ನುವುದನ್ನು ಬಿಟ್ಟು ನೋಡಿದರು. ನಲವತ್ತು ವರ್ಷ ಚಾಟ್ನಿ ಎಂದು ದ್ರಾಕ್ಷಿ ಬಳ್ಳಿ ಕತ್ತರಿಸಿದ ಕೈ ಅವರದು. "ಯಾರೂ ಚಾಟ್ನಿ ಮಾಡದ ತ್ವಾಟ ನೋಡ ಅದು," ಎಂದರು. "ಒಮ್ಮೆರ ನೋಡಬೇಕ."

ನನ್ನನ್ನು ಮದುವೆಯಾದ ಮೇಲೆ ಅವರು ಬಾಯಿ ಬಿಟ್ಟು ತಮಗಾಗಿ ಬೇಕು ಎಂದದ್ದು ಅದೊಂದನ್ನೇ. ಆಗಲೇ ಅವರ ಮೊಣಕಾಲು ಹೋಗಿದ್ದವು. ಎದೆಯ ಗುಳಿಗೆಯೂ ಶುರುವಾಗಿತ್ತು. ಹೋಗುವುದಾದರೆ ಬೇಗ ಹೋಗಬೇಕಿತ್ತು.

ಯಾವಾಗ ಹೋಗಬೇಕು ಎಂದು ಕಾಕಾನನ್ನೇ ಕೇಳಿದರು. ಅವರು ಕಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಇಡೀ ವರ್ಷವನ್ನೇ ಬಿಡಿಸಿ ಹೇಳಿದರು.

"ನೋಡ್ರಿ, ನಮ್ಮಲ್ಲಿ ಮಿರಗಾ ಮಳಿ ಕೂಡೂಕಿಂತ ಮೊದಲ ಅಲ್ಲಿ ಮಳಿ ಕೂತಿರತೈತಿ. ಆಷಾಢ ಶ್ರಾವಣದಾಗ ಮಳಿ ಮ್ಯಾಲಿಂದ ಬೀಳೂದಿಲ್ಲರಿ, ಮಗ್ಗಲಿಂದ ಬರತೈತಿ. ಸಮುದ್ರ ರಾಡಿ ಆಗಿರತೈತಿ, ತಳಾನ ಕಾಣೂದಿಲ್ಲ. ದಸರಾ ದೀಪಾವಳಿಗೆ ಹೋಗೂನು ಅಂದ್ರ ಎರಡನೇ ಮಳಿ, ಮತ್ತ ತೂಫಾನಿನ ಅಂಜಿಕಿ. ಮಾಘದಾಗ ಹೋಗ್ರಿ. ನೀರು ಕನ್ನಡಿ ಆಗಿರತೈತಿ. ಮಾಘ, ಫಾಲ್ಗುಣ. ಯುಗಾದಿ ದಾಟೂದ್ರಾಗ ತಿರುಗಿ ಬರ್ರಿ."

"ಮಾಘದಾಗ ರ‍್ಯಾಕ್ ತುಂಬಿರತಾವಲ್ಲೋ ಕಾಕಾ," ಎಂದರು ಮುತ್ಯಾ.

"ನಾ ಇಲ್ಲೇನು? ಶೆಡ್ಡಿನ ಕೀಲಿಕೈ ಕೊಟ್ಟ ಹೋಗ್ರಿ. ಹದಿನೈದ ದಿನ ನಾ ನೋಡ್ಕೋತೇನಿ."

ಒಳಗೆ ಹಿಟ್ಟು ನಾದುತ್ತಿದ್ದ ನನ್ನ ಕೈ ನಿಂತಿತು.

ನಿಮಗೆ ಗೊತ್ತಿದೆ, ಮಾಘ ಎಂದರೆ ನಮಗೆ ಏನು ಎಂಬುದು. ವರ್ಷವಿಡೀ ದುಡಿದ ದ್ರಾಕ್ಷಿ ಕೊಯ್ದು, ಎಣ್ಣೆ ಸೋಡಾದ ನೀರಿನಲ್ಲಿ ಅದ್ದಿ, ಶೆಡ್ಡಿನ ರ‍್ಯಾಕಿನ ಬಲೆಗಳ ಮೇಲೆ ಹರಡಿರುತ್ತೇವೆ. ಎರಡು ಮೂರು ವಾರದಲ್ಲಿ ಒಣಗಿ ಇಳಿಯಬೇಕು. ಅಷ್ಟರಲ್ಲಿ ಒಂದು ಮಳೆ ಬಡಿದರೆ ಕಪ್ಪಾಗುತ್ತದೆ. ಆ ದಿನಗಳಲ್ಲಿ ನಾವು ನೆಂಟರ ಮದುವೆಗೂ ಒಬ್ಬರನ್ನೇ ಕಳಿಸುತ್ತೇವೆ. ನಿಮ್ಮ ಅಪ್ಪ ಆಗ ನಿಪ್ಪಾಣಿಯಲ್ಲಿ ನೌಕರಿಯಲ್ಲಿದ್ದ, ರವಿವಾರ ಮಾತ್ರ ಬರುತ್ತಿದ್ದ. ವರ್ಷದ ಹನ್ನೆರಡು ತಿಂಗಳಲ್ಲಿ ನಮ್ಮ ಮನೆ ಖಾಲಿ ಇರಬಾರದ ತಿಂಗಳು ಯಾವುದೋ, ಈ ಮನುಷ್ಯ ಸರಿಯಾಗಿ ಅದೇ ತಿಂಗಳಲ್ಲಿ ಹೋಗಿರಿ ಎನ್ನುತ್ತಿದ್ದಾನೆ. ಮೇಲೆ ಕೀಲಿಕೈ ಕೇಳುತ್ತಿದ್ದಾನೆ. ತನಗೊಂದು ಬಳ್ಳಿಯೂ ಇಲ್ಲದವನಿಗೆ ನಮ್ಮ ಶೆಡ್ಡಿನ ಮೇಲೆ ಯಾಕಿಷ್ಟು ಕಾಳಜಿ?

ಊಟಕ್ಕೆ ಬಡಿಸುವಾಗ ಹೇಳಿದೆ. "ನೋಡ್ರಿ, ಅಂವ ನಮ್ಮನ್ನ ಯಾವಾಗ ಊರ ಬಿಡಸಾಕತ್ತಾನ ಅನ್ನೂದ ತಿಳೀತೇನ?"

"ನಿನಗ ಗಾಳಿ ಬೀಸಿದ್ರೂ ಸಂಶೆ."

"ಜುಲೈದಾಗ ಹೋಗೂನ್ರಿ. ತ್ವಾಟಕ್ಕ ಆಗ ಕೆಲಸ ಕಡಿಮಿ. ನಮ್ಮಲ್ಲಿ ಆಗೆಷ್ಟ ಮಳಿ ಆಕ್ಕತಿ? ಅಂಗಳದ ಧೂಳ ಅಡಗೂದಿಲ್ಲ. ಅಲ್ಲೇನ ಬ್ಯಾರೆ ಮುಗಲ ಐತೇನ?"

ಆಷಾಢದಲ್ಲಿ ನಮ್ಮಲ್ಲಿ ಜಿಟಿಜಿಟಿ ಹನಿ, ಮೇಲೆ ಹುಚ್ಚು ಗಾಳಿ, ಅಷ್ಟೇ. ನಿಜವಾದ ಮಳೆ ನಮಗೆ ದಸರೆಯ ಸುಮಾರಿಗೆ, ಹಸ್ತ ಚಿತ್ತಿಯಲ್ಲಿ. ಮೋಡದ ಬಣ್ಣ ನೋಡಿ ಔಷಧ ಹೊಡೆಯುವ ನಮಗೆ ಮಳೆಯ ವಿಷಯದಲ್ಲಿ ಬೇರೆಯವರು ಬುದ್ಧಿ ಹೇಳುವುದು ಬೇಕಿರಲಿಲ್ಲ. ನಿಮ್ಮ ಮುತ್ಯಾ ಕೂಡ ಕೊನೆಗೆ ಒಪ್ಪಿದರು. ಮಿರಜಿಗೆ ಹೋಗಿ ಟಿಕೆಟ್ ತೆಗೆಸಿ ಬಂದರು.

ಕಾಕಾಗೆ ತಿಳಿದಾಗ ಅವರ ಮುಖ ಸಣ್ಣದಾಯಿತು. "ಬ್ಯಾಡ್ರಿ," ಎಂದರು. ಎರಡು ಸಲ ಅಂದರು. ಮೂರನೆಯ ಸಲ ಅನ್ನಲಿಲ್ಲ.

ಹೊರಡುವ ಹಿಂದಿನ ದಿನ ಮುತ್ಯಾ ಕ್ಷೌರಕ್ಕೆ ಹೋಗಿದ್ದರು. ಕಾಕಾ ಹಿತ್ತಲ ಬಾಗಿಲಿಗೆ ಬಂದು ಈ ಕೋಟನ್ನು ಕೊಟ್ಟರು. ಹೊಸದಾಗಿ ಪೌಡರು ಸವರಿ ಮಡಿಚಿದ್ದರು. "ಏನ್ ಬಿಟ್ರೂ ಇದನ್ನ ಬಿಡಬ್ಯಾಡ್ರಿ ತಾಯಿ. ಜೇಬ ನೋಡ್ಕೋರಿ ಅಂತ ಅವರಿಗೆ ಹೇಳ್ರಿ," ಎಂದರು. ನಾನು ಸೆರಗು ಎಳೆದುಕೊಂಡು ತಲೆಯಾಡಿಸಿದೆ. ಏನಿದೆ ಜೇಬಿನಲ್ಲಿ ಎಂದು ಕೇಳದೆ ಬಾಗಿಲು ಹಾಕಿಕೊಂಡೆ.

ಅವರು ಹೋದ ಮೇಲೆ ನಿಂತಲ್ಲೇ ನಿಂತು ಯೋಚಿಸಿದೆ. ಜೇಬು ನೋಡಿಕೊಳ್ಳಿ ಎಂದದ್ದು ಯಾಕೆ? ನಾಳೆ ಅದರಲ್ಲಿ ಉಂಗುರವಿತ್ತು, ಸರವಿತ್ತು, ನೀವು ಕಳೆದಿರಿ ಎನ್ನಲು. ಅಥವಾ ದಾರಿಯಲ್ಲಿ ಪೊಲೀಸರು ತಪಾಸಣೆ ಮಾಡಿದರೆ ಸಿಕ್ಕಿಬೀಳುವಂಥದ್ದು ಏನೋ ಇಟ್ಟಿರಬೇಕು, ಕರಿನೀರಿನಿಂದ ಬಂದವನಿಗೆ ಅಲ್ಲಿ ಯಾರ ಯಾರ ಸಂಗವೋ. ಜೇಬಿಗೆ ಕೈ ಹಾಕದೆ, ಕೋಟನ್ನು ಹಾಗೇ ಒಯ್ದು ಶೆಡ್ಡಿನಲ್ಲಿ ಖಾಲಿ ಕ್ರೇಟುಗಳ ಅಡಿಗೆ ತಳ್ಳಿದೆ. ಬಹಳ ಜಾಣತನ ಮಾಡಿದೆ ಎಂದುಕೊಂಡೆ.

ಅಂದಮಾನದಲ್ಲಿ ನಾವಿದ್ದದ್ದು ಆರು ದಿನ. ಒಂದು ದಿನ ಬಿಟ್ಟರೆ ಮಳೆ ನಿಲ್ಲಲಿಲ್ಲ. ಕಾಕಾ ಹೇಳಿದಂತೆ ಅದು ಮಗ್ಗುಲಿನಿಂದಲೇ ಬರುತ್ತಿತ್ತು. ಕೊಡೆ ಬಿಚ್ಚಿದರೆ ಕೊಡೆಯೇ ತಿರುವಿಹೋಗುತ್ತಿತ್ತು. ಹವಳ ತೋರಿಸುವ ದೋಣಿ ಎದುರಿನ ಸಣ್ಣ ದ್ವೀಪದಿಂದ ಹೊರಡುತ್ತದೆ. ಅಲ್ಲಿಗೆ ದಾಟಲು ಬೆಳಿಗ್ಗೆ ಬೋಟು ಹತ್ತುವ ಕಟ್ಟೆಗೆ ಹೋಗಬೇಕು. ನಿಮ್ಮ ಮುತ್ಯಾ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಮೊಣಕಾಲು ಹಿಡಿದುಕೊಂಡು ಅಲ್ಲಿಗೆ ನಡೆಯುತ್ತಿದ್ದರು. ದಿನಾ ತೋಯ್ದು ತಿರುಗಿ ಬರುತ್ತಿದ್ದರು.

ಮೊದಲ ದಿನವೇ ನಾನು ಅದನ್ನು ನೋಡಿದೆ. ಕಟ್ಟೆಯ ತುದಿಯಲ್ಲಿ ಒಂದು ಉದ್ದನೆಯ ಕಂಬ. ಕಂಬದ ಮೇಲೆ ಕೆಂಪು ಬಟ್ಟೆ. ಪಕ್ಕದಲ್ಲಿದ್ದವರನ್ನು ಮುತ್ಯಾ ತಮಗೆ ಬಂದಷ್ಟು ಹಿಂದಿಯಲ್ಲಿ ಕೇಳಿದರು. ಸಮುದ್ರ ಕೆಟ್ಟಿದ್ದ ದಿನ ಅದನ್ನು ಏರಿಸುತ್ತಾರಂತೆ. ಏರಿಸಿದ ದಿನ ಬೋಟು ಬಿಡುವಂತಿಲ್ಲವಂತೆ. "ಕಾಕಾನ ಕೆಲಸ ಇದ ನೋಡ," ಎಂದು ಮುತ್ಯಾ ಮಳೆಯಲ್ಲಿ ನಿಂತೇ ನಕ್ಕರು. "ಹೋಗವರನ್ನ ನಿಂದ್ರಸೂದು." ನಾನು ನಗಲಿಲ್ಲ.

ಆಮೇಲೆ ಅವರು ನನ್ನ ಕಡೆ ತಿರುಗಿ, "ಕಾಕಾ ನಿನ್ನ ಕಡೆ ಕೋಟ ಕೊಟ್ಟೇನಿ ಅಂದಿದ್ನಲ್ಲ, ಎಲ್ಲೈತಿ?" ಎಂದರು.

"ಮರತ ಬಂದೆನ್ರಿ."

ಅವರು ನಂಬಿದರು. ಮೂವತ್ತೆಂಟು ವರ್ಷದಲ್ಲಿ ನಾನು ಹೇಳಿದ ಯಾವ ಮಾತನ್ನೂ ಅವರು ನಂಬದೆ ಇದ್ದದ್ದಿಲ್ಲ.

ಐದನೆಯ ದಿನ ಬೆಳಿಗ್ಗೆ ಮಳೆ ನಿಂತಿತು. ಬಟ್ಟೆ ಇಳಿಯಿತು. ಒಂದೇ ಬೋಟು, ಮಧ್ಯಾಹ್ನದೊಳಗೆ ಹೋಗಿ ಬರುವುದು ಎಂದರು. ನಾಲ್ಕು ದಿನ ತಡೆದ ಮಂದಿಯೆಲ್ಲ ಒಮ್ಮೆಗೇ ಟಿಕೆಟ್ ಕಿಟಕಿಗೆ ಮುಗಿಬಿದ್ದರು. ನಿಮ್ಮ ಮುತ್ಯಾ ಹೇಗೋ ಕಿಟಕಿಯವರೆಗೆ ಹೋಗಿ ಕಾಕಾನ ಹೆಸರು ಹೇಳಿದರು, ಅವರು ನಮ್ಮ ಎದುರುಮನೆಯವರು ಎಂದರು. ಕಿಟಕಿಯಲ್ಲಿದ್ದವನು ತಲೆಯೆತ್ತಿ ನೋಡಿದ. ಅವರ ಹೆಸರು ಇಲ್ಲಿ ಎಲ್ಲರೂ ಹೇಳುತ್ತಾರೆ, ಜುಲೈನಲ್ಲಿ ಅವರು ಯಾರನ್ನೂ ಕಳಿಸುವವರಲ್ಲ, ಅವರು ಬರೆದುಕೊಟ್ಟದ್ದು ಏನಾದರೂ ಇದೆಯೇ ಎಂದು ಕೇಳಿದ.

ಇರಲಿಲ್ಲ. ಬೋಟು ತುಂಬಿತು, ಹೋಯಿತು. ಅದು ಸಣ್ಣದಾಗುವವರೆಗೂ ಮುತ್ಯಾ ಕಟ್ಟೆಯ ಮೇಲೆ ಕೂತು ನೋಡಿದರು. ಮರುದಿನ ಮತ್ತೆ ಕೆಂಪು ಬಟ್ಟೆ ಏರಿತು. ಸಂಜೆ ನಾವು ಹೊರಟು ಬಂದೆವು.

ಊರಿಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. "ಕಂಡಿತೇನ್ರಿ ತ್ವಾಟ?" ಎಂದು ಕೇಳಿದರು.

"ಕಂಡಿದ್ದು ನಿನ್ನ ಕೆಂಪ ಅರಿಬಿ," ಎಂದು ಮುತ್ಯಾ ನಕ್ಕರು. "ಇಕಿ ನಿನ್ನ ಕೋಟ ಮರತ ಬಂದಿದ್ದಳೋ ಮಾರಾಯಾ. ಹಸಿ ನಾಯಿ ಆಗಿ ಬಂದೆವು."

ಕಾಕಾ ಬಾಗಿಲ ಕಡೆ ನೋಡಿದರು. ಮರೆಯಲ್ಲಿದ್ದ ನನ್ನನ್ನು ನೋಡಿದರೋ ಇಲ್ಲವೋ... ನೋಡಿದರು. ಒಂದೇ ಸಲ. ಆಮೇಲೆ, "ಹೋಗಲಿ ಬಿಡ್ರಿ. ಮಾಘದಾಗ ಹೋಗ್ರಿ," ಎಂದರು. ಜೇಬಿನ ಮಾತು ಎತ್ತಲೇ ಇಲ್ಲ. ಎತ್ತದೆ ಇದ್ದದ್ದಕ್ಕೂ ನಾನು ಸಂಶಯಪಟ್ಟೆ.

ನಿಮ್ಮ ಮುತ್ಯಾ ಈ ಸಲ ನನ್ನನ್ನು ಕೇಳಲಿಲ್ಲ. ಮಾಘಕ್ಕೆ ಟಿಕೆಟ್ ತೆಗೆಸಿದರು. ಶೆಡ್ಡಿನ ಕೀಲಿಕೈಯನ್ನು ಕಾಕಾಗೆ ಕೊಡುವುದೆಂದು ಗೊತ್ತಾಯಿತು. ನಾನು ಹೂಂ ಎಂದೆ. ಮತ್ತು ಬಾಕ್ಸು ಇಡುವ ಒಳಕೋಣೆಗೆ ಎಂದು ಮಿರಜಿನಿಂದ ಇನ್ನೊಂದು ಬೀಗ ತರಿಸಿ ಜೋಳದ ಹಗೇವಿನ ಪಕ್ಕ ಬಚ್ಚಿಟ್ಟೆ. ಹೊರಡುವ ದಿನ ಹಾಕಬೇಕೆಂದು.

ಹೊರಡುವ ದಿನ ಬರಲಿಲ್ಲ. ಪುಷ್ಯ ಮುಗಿಯಲು ನಾಲ್ಕು ದಿನವಿತ್ತು. ಮುಂಜಾನೆ ಚಹಾದ ಬಸಿ ಕೈಯಲ್ಲಿ ಹಿಡಿದು ಗೋಡೆಗೆ ಒರಗಿದವರು ಏಳಲಿಲ್ಲ. ಚಹಾ ಚೆಲ್ಲಿರಲೂ ಇಲ್ಲ.

ಅದರ ಬಗ್ಗೆ ಹೆಚ್ಚು ಬರೆಯಲಾರೆ.

ನಾನು ಒಳಗೆ ಕೂತೆ. ನಿಮ್ಮ ಅಪ್ಪ ದಿನಕರ್ಮ ಮುಗಿಸಿ, ಬಂದವರನ್ನು ಕಳಿಸಿ, ತೋಟದಲ್ಲಿ ಕೊಯ್ಲಿಗೆ ನಿಂತ. ಶೆಡ್ಡಿಗೆ ಯಾರಿದ್ದಾರೆ ಎಂದು ನಾನು ಕೇಳಿದಾಗ, "ಕಾಕಾ ಅದಾರ. ಅಪ್ಪಾ ಮೊದಲ ಹೇಳಿದ್ದನಂತ," ಎಂದ. ಮಾತು ಕೊಟ್ಟಿದ್ದ ಹದಿನೈದು ದಿನವೂ ಅವರು ಅಲ್ಲೇ ಇದ್ದರು. ನಾವು ಅಂದಮಾನಕ್ಕೆ ಹೋಗಿದ್ದೇವೆ ಎಂಬಂತೆ.

ಒಂಬತ್ತನೆಯದೋ ಹತ್ತನೆಯದೋ ದಿನ, ಆಕಾಶ ತೊಳೆದ ಹಾಗಿದ್ದಾಗ, ಕಿಟಕಿಯಿಂದ ನೋಡಿದರೆ ಅವರ ಮಾಳಿಗೆಯ ಮೇಲೆ ಕೆಂಪು ಬಟ್ಟೆ ಏರಿತ್ತು. ಶೆಡ್ಡಿನ ನಾಲ್ಕೂ ಕಡೆ ತಾಡಪತ್ರಿ ಇಳಿಬಿಟ್ಟು ಕಟ್ಟುತ್ತಿದ್ದರು. ಮಧ್ಯಾಹ್ನ ಬಡಿಯಿತು ಮಳೆ. ಆ ಸಲ ಸುತ್ತಮುತ್ತ ಬಹಳ ಜನರದು ಕಪ್ಪಾಯಿತು. ನಮ್ಮದು ಬಂಗಾರದ ಹಾಗೆ ಇಳಿಯಿತು.

ಇಷ್ಟಾದ ಮೇಲೆ ನಾನು ಏನು ಮಾಡಿದೆ ಗೊತ್ತೇ? ಶೆಡ್ಡಿಗೆ ಕೆಲಸಕ್ಕೆ ಬರುತ್ತಿದ್ದ ಮುದುಕಿಯನ್ನು ಕರೆದು, ಬಾಕ್ಸುಗಳನ್ನು ಒಮ್ಮೆ ಗುಟ್ಟಾಗಿ ನೋಡಿಕೊಂಡು ಬಾ ಎಂದೆ. ಅವಳಿಗೆ ಗುಟ್ಟು ಎಂಬುದು ಗೊತ್ತಿರಲಿಲ್ಲ. ತಿರುಗಿ ಬಂದು ಅಂಗಳದಲ್ಲೇ ನಿಂತು ದೊಡ್ಡ ದನಿಯಲ್ಲಿ, "ಅಕ್ಕಾರ, ಒಂದ ಕಾಳೂ ಕಡಿಮಿ ಆಗಿಲ್ಲರಿ! ಆ ಮುದಕ ಬಾಗಲಾ ಬಿಟ್ಟ ಎದ್ದಿಲ್ಲ!" ಎಂದು ಕೂಗಿದಳು. ಅವಳ ಹಿಂದೆಯೇ ಕಾಕಾ ಬರುತ್ತಿದ್ದರು, ಕೀಲಿಕೈ ಕೊಡಲು.

ಅವರು ಕೀಲಿಕೈಯನ್ನು ಹೊಸ್ತಿಲ ಮೇಲೆ ಇಟ್ಟರು. ನಾನು ಬಾಗಿಲ ಮರೆಯಲ್ಲಿದ್ದೆ.

"ನೀವೂ ಒಮ್ಮೆ ನೋಡ್ಕೋರಿ ತಾಯಿ," ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. "ಅಲ್ಲೂ ಬಾವುಟ ಏರಿಸಿದ್ರ ಯಾರೂ ನಂಬತಿರಲಿಲ್ಲ. ಬೇಕಂತ ನಿಂದ್ರಸ್ಯಾನ ಅಂತಿದ್ರು. ರೂಢಿ ಐತಿ ನನಗ."

ಒಂದು ಮಾತು ಆಡಬೇಕಿತ್ತು. ಅವರು ಚಪ್ಪಲಿ ಮೆಟ್ಟುವುದು ಕೇಳಿಸಿತು, ಗೇಟಿನ ಸಪ್ಪಳ ಕೇಳಿಸಿತು. ಆ ಬೇಸಿಗೆಯಲ್ಲಿ ಅವರು ತೆಲಸಂಗಕ್ಕೆ ತಂಗಿಯ ಮನೆಗೆ ಹೋದರು. ಎರಡು ವರ್ಷದ ಮೇಲೆ ಅಲ್ಲೇ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಕ್ರೇಟಿನ ಅಡಿಯಲ್ಲಿದ್ದ ಕೋಟನ್ನು ತಂದು ಟ್ರಂಕಿನ ತಳಕ್ಕೆ ಹಾಕಿದೆ. ಆಗಲೂ ಜೇಬಿಗೆ ಕೈ ಹಾಕಲಿಲ್ಲ. ಮೊದಲು ಸಂಶಯ, ಆಮೇಲೆ ಅಂಜಿಕೆ.

ಮೊನ್ನೆ ಸಣ್ಣವನು ಓದಿದ ನಾಲ್ಕು ಸಾಲು ಇವು, ನನ್ನ ಮಾತಿನಲ್ಲಿ ಬರೆಯುತ್ತೇನೆ. ಇವರಿಬ್ಬರು ನನ್ನ ಮಂದಿ. ನಾನು ಬೇಡವೆಂದರೂ ಈ ತಿಂಗಳಲ್ಲಿ ಬಂದಿದ್ದಾರೆ. ಬಟ್ಟೆ ಇಳಿದ ದಿನ ಮೊದಲ ಬೋಟಿನಲ್ಲಿ ಕೂರಿಸು. ಯಜಮಾನರಿಗೆ ಮೊಣಕಾಲು ಮಡಚಲು ಬರುವುದಿಲ್ಲ, ಗಾಜಿನ ಪಕ್ಕದಲ್ಲೇ ಜಾಗ ಕೊಡು.

ಕಿಟಕಿಯವನು ಕೇಳಿದ್ದು ಅದನ್ನೇ. ಅದು ಇಲ್ಲಿ ಕ್ರೇಟಿನ ಅಡಿಯಲ್ಲಿತ್ತು. ಒಳಜೇಬಿನ ಗುಂಡಿ ಹಾಕಿ, ತೋಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದರು. ನಾನು ಬಚ್ಚಿಟ್ಟದ್ದು ಅವರಿಗೆ ಅವತ್ತೇ ತಿಳಿದಿತ್ತು. ನಿಮ್ಮ ಮುತ್ಯಾಗೆ ಹೇಳಲಿಲ್ಲ. ನನ್ನ ಮಾನ ಉಳಿಸಿದರು.

ಈಗ ನೀವೆಲ್ಲ ಅಂದಮಾನಕ್ಕೆ ಹೋಗುವ ಮಾತು ನಡೆದಿದೆ. ನಿಮ್ಮ ಅಪ್ಪ ನಿನ್ನೆಯೂ ಊಟಕ್ಕೆ ಕೂತಾಗ, "ಜುಲೈದಾಗ ಹೋಗೂನು, ತ್ವಾಟ ಖಾಲಿ ಇರತೈತಿ," ಎಂದ. ಅದಕ್ಕೇ ತಾನೆ ಮಳೆಗಾಲದ ಬಟ್ಟೆ ತೆಗೆದದ್ದು. ನಾನು ಊಟದ ನಡುವೆ ಎಂದೂ ಬಾಯಿ ಹಾಕುವವಳಲ್ಲ. ನಿನ್ನೆ ಹಾಕಿದೆ.

"ಮಾಘದಾಗ ಹೋಗ್ರಿ," ಎಂದೆ.

"ಮಾಘದಾಗ? ಶೆಡ್ಡ ಯಾರ ನೋಡತಾರ ಅತ್ತಿ?" ಎಂದಳು ನಿಮ್ಮ ಅವ್ವ.

"ನಾ ಇಲ್ಲೇನು? ಕೀಲಿಕೈ ನನ್ನ ಕಡೆ ಕೊಟ್ಟ ಹೋಗ್ರಿ."

ನಿಮ್ಮ ಅವ್ವ ಬಡಿಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ನಿಮ್ಮ ಅಪ್ಪನನ್ನು ನೋಡಿದಳು. ಈ ವಯಸ್ಸಿನಲ್ಲಿ ಈ ಮುದುಕಿಗೆ ಕೀಲಿಕೈ ಯಾಕೆ ಬೇಕಾಯಿತು ಎಂದು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಾನು ಅದನ್ನು ಎರಡು ವರ್ಷ ಬಾಗಿಲ ಮರೆಯಿಂದ ಒಬ್ಬರ ಬೆನ್ನ ಮೇಲೆ ಇಟ್ಟಿದ್ದೆ.

ನನಗೇನೂ ಅನ್ನಿಸಲಿಲ್ಲ. ಇವತ್ತು ಬೆಳಿಗ್ಗೆ ಕೋಟನ್ನು ನೆರಳಿನಲ್ಲಿ ಹರವಿ, ಒರೆಸಿ, ಪೌಡರು ಸವರಿ ಮಡಿಚಿಟ್ಟಿದ್ದೇನೆ. ಚೀಟಿ ಒಳಜೇಬಿನಲ್ಲೇ ಇದೆ, ಗುಂಡಿ ಹಾಕಿದ್ದೇನೆ. ಕಿಟಕಿಯಲ್ಲಿ ಈಗ ಯಾರಿದ್ದಾರೋ, ಅವರ ಹೆಸರು ಗೊತ್ತಿದ್ದವರು ಯಾರಾದರೂ ಉಳಿದಿದ್ದಾರೋ ಇಲ್ಲವೋ. ಮಾಘದಲ್ಲಿ ಮಳೆ ಇರುವುದಿಲ್ಲ, ಕೋಟು ಬೇಕಾಗುವುದಿಲ್ಲ. ಆದರೂ ಒಯ್ಯಿರಿ. ಗಾಜಿನ ಪಕ್ಕ ಕೂತುಕೊಳ್ಳಿ.